ಹುಣಸೆಹುಳಿಯಲ್ಲಿ ತೊಳೆದ ನಾಣ್ಯ

ಹಬ್ಬದ ಹಿಂದಿನ ದಿನ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಲುಬು ಕಂಡರೆ ಸಾಕು, ಕೈ ತಾನಾಗಿ ಹುಣಸೆಯ ಡಬ್ಬಿಯ ಕಡೆ ಹೋಗುತ್ತದೆ. ಈ ಒಂದು ಅಭ್ಯಾಸದಿಂದ ನಾನು ಸಾವಿರದ ಆರುನೂರು ವರ್ಷ ಹಳೆಯದಾದ ನಾಣ್ಯವೊಂದರ ಮುಖವನ್ನೇ ಅಳಿಸಿಬಿಟ್ಟೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿದವಳು ನಾನು! ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

೨೦೧೮ರಲ್ಲಿ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ ಸಫಕ್ ಪ್ರಾಂತ್ಯಕ್ಕೆ ಹೋಗಿದ್ದೆ. ಅವಳ ಮನೆಯ ಹಿತ್ತಲಿನ ಬೇಲಿ ದಾಟಿದರೆ ಗೋಧಿಯ ಹೊಲ. ಆಗಸ್ಟಿನಲ್ಲಿ ಕೊಯ್ಲು ಮುಗಿದು ಬರೀ ಕೂಳೆ ಉಳಿದ ಮೇಲೆ, ಪಕ್ಕದ ಮನೆಯ ನಿವೃತ್ತ ಹೆಂಗಸೊಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತುದಿಯಲ್ಲಿ ತಟ್ಟೆಯಿರುವ ಉದ್ದನೆಯ ಕೋಲೊಂದನ್ನು ನೆಲದ ಮೇಲೆ ಆಚೆ ಈಚೆ ಆಡಿಸುತ್ತ ನಡೆಯುವುದನ್ನು ಕಂಡೆ. ನಮ್ಮೂರಿನಲ್ಲಿ ಅಂಗಳ ಗುಡಿಸುವವರ ಹಾಗೆಯೇ ನಿಧಾನದ ಲಯ. ವಿಚಾರಿಸಿದರೆ ಅದು ಮೆಟಲ್ ಡಿಟೆಕ್ಟರ್. ಬಸ್ ನಿಲ್ದಾಣದಲ್ಲಿ, ದೇವಸ್ಥಾನದ ಬಾಗಿಲಲ್ಲಿ ಪೊಲೀಸರು ನಮ್ಮ ಮೈಗೆ ತೋರಿಸುವ ಯಂತ್ರದ ಅಕ್ಕ. ಅಲ್ಲಿ ಸಾವಿರಾರು ಜನಕ್ಕೆ ಅದೊಂದು ಹವ್ಯಾಸ.

"ಅಮ್ಮಾ, ಇದೇನು ನಿನ್ನ ಹೊಸ ಹುಚ್ಚು?" ಎಂದು ಮಗಳು ನಕ್ಕಳು. ಮಗು ಮಲಗಿದ್ದಾಗ ನನಗೂ ಹೊತ್ತು ಹೋಗಬೇಕಲ್ಲ? ನೆರೆಯಾಕೆಯನ್ನು ಕರೆದುಕೊಂಡು ಅಂಗಡಿಗೆ ಹೋದೆ. ಸಾವಿರ ಪೌಂಡು ದಾಟಿದ ಯಂತ್ರಗಳೂ ಅಲ್ಲಿದ್ದವು, ಮಕ್ಕಳ ಆಟಿಕೆಯಂಥವೂ ಇದ್ದವು. ಎರಡೂ ಬೇಡ ಎಂದರು ಆಕೆ. ದುಬಾರಿಯದರಲ್ಲಿ ಗುಂಡಿಗಳು ಹೆಚ್ಚು. ಹೊಸಬರು ನೆಲದ ಮಾತು ಕೇಳುವುದನ್ನು ಬಿಟ್ಟು ಗುಂಡಿ ಒತ್ತುತ್ತ ಕೂರುತ್ತಾರೆ. ಆಟಿಕೆಯದು ನಾಲ್ಕು ಬೆರಳು ಆಳಕ್ಕೂ ಇಳಿಯದೆ ಬೇಸರ ತರಿಸುತ್ತದೆ. ಮೊದಲ ಯಂತ್ರ ಹಗುರವಾಗಿರಬೇಕು, ಎರಡು ಗಂಟೆ ಆಡಿಸಿದರೂ ತೋಳು ಸೋಲಬಾರದು. ಕೋಲಿನ ಉದ್ದವನ್ನು ನಮ್ಮ ಎತ್ತರಕ್ಕೆ ಹೊಂದಿಸಿಕೊಳ್ಳುವಂತಿರಬೇಕು. ತಟ್ಟೆಗೆ ನೀರು ತಾಗಿದರೂ ಕೆಡಬಾರದು, ಏಕೆಂದರೆ ಅಲ್ಲಿಯ ಹುಲ್ಲು ಸದಾ ಒದ್ದೆ. ಸೀರೆ ಆರಿಸಿದಷ್ಟೇ ಹೊತ್ತು ಹಿಡಿದು, ಕೊನೆಗೆ ಇನ್ನೂರು ಪೌಂಡಿನ ಆಸುಪಾಸಿನ ಸರಳವಾದದ್ದೊಂದನ್ನು ಆರಿಸಿದೆವು.

ಅದು ಕೆಲಸ ಮಾಡುವ ಬಗೆ ಇಷ್ಟೇ. ತಟ್ಟೆಯೊಳಗೆ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ, ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಎರಡನೆಯ ಸುರುಳಿ ಆ ಮರುದನಿಯನ್ನು ಹಿಡಿದು ನಮ್ಮ ಕಿವಿಗೆ ಮುಟ್ಟಿಸುತ್ತದೆ. ಕಬ್ಬಿಣಕ್ಕೊಂದು ಸ್ವರ, ಬೆಳ್ಳಿಗೊಂದು ಸ್ವರ.

ಈ ವಿದ್ಯೆಯ ಮೊದಲ ಪಾಠ ನಡೆದದ್ದು ಹೊಲದಲ್ಲಲ್ಲ, ರೋಗಿಯ ಹಾಸಿಗೆಯ ಬಳಿ. ೧೮೮೧ರ ಜುಲೈ ೨ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ಗುಂಡು ದೇಹದೊಳಗೇ ಉಳಿದಿತ್ತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಾನೇ ರೂಪಿಸಿದ ಶೋಧಕವನ್ನು ತಂದು ಹುಡುಕಿದ. ಸಿಗಲಿಲ್ಲ. ಅಧ್ಯಕ್ಷ ಮಲಗಿದ್ದ ಹಾಸಿಗೆಯೊಳಗೇ ಉಕ್ಕಿನ ತಂತಿಗಳಿದ್ದವು. ಅಲ್ಲದೆ ಗುಂಡು ಬಲಗಡೆಯಿದೆ ಎಂದು ನಂಬಿದ್ದ ಮುಖ್ಯ ವೈದ್ಯ ಆ ಕಡೆಯನ್ನು ಮಾತ್ರ ಪರೀಕ್ಷಿಸಲು ಬಿಟ್ಟಿದ್ದ. ಸೆಪ್ಟೆಂಬರ್ ೧೯ರಂದು ಗಾರ್‌ಫೀಲ್ಡ್ ತೀರಿಕೊಂಡ ಮೇಲೆ ನೋಡಿದರೆ ಗುಂಡು ಎಡಗಡೆಯಿತ್ತು. ಯಂತ್ರ ಎಷ್ಟೇ ಚೆನ್ನಾಗಿರಲಿ, ಅದನ್ನು ಹಿಡಿದವರ ತಿಳಿವಳಿಕೆ ಎಷ್ಟೋ ಅಷ್ಟೇ ಅದರ ಯೋಗ್ಯತೆ.

೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ನೆಲೆಸಿದ ಗೆರ್‌ಹಾರ್ಡ್ ಫಿಷರ್ ಎಂಬ ಜರ್ಮನ್ ಎಂಜಿನಿಯರ್ ಹೊತ್ತು ನಡೆಯಬಹುದಾದ ಶೋಧಕಕ್ಕೆ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾತ್ಸ್ಕಿ ನೆಲಬಾಂಬುಗಳನ್ನು ಪತ್ತೆ ಮಾಡುವ ಶೋಧಕವನ್ನು ರೂಪಿಸಿದ. ೧೯೪೨ರಲ್ಲಿ ಅಂಥ ಐನೂರು ಯಂತ್ರಗಳು ಈಜಿಪ್ಟಿನ ಎಲ್ ಅಲಮೇನ್ ಯುದ್ಧಭೂಮಿಗೆ ಹೋದವು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಯಂತ್ರಗಳು ಹವ್ಯಾಸಿಗಳ ಕೈಗೆ ಬಂದವು. ಟ್ರಾನ್ಸಿಸ್ಟರ್ ಬಂದು ಯಂತ್ರ ಹಗುರವೂ ಅಗ್ಗವೂ ಆದಮೇಲೆ, ೧೯೭೦ರ ದಶಕದಲ್ಲಿ ಬ್ರಿಟನ್ನಿನ ಹೊಲಗಳಲ್ಲೆಲ್ಲ ಅದರ ಕೂಗು ಕೇಳತೊಡಗಿತು.

ನನ್ನ ಕಲಿಕೆ ಶುರುವಾದದ್ದು ಮಗಳ ಹಿತ್ತಲಿನಲ್ಲಿ. ನೆರೆಯಾಕೆ ಹೇಳಿದಂತೆ ಒಂದು ಮೊಳೆ, ಒಂದು ತಾಮ್ರದ ಕಾಸು, ಚಾಕಲೇಟಿನ ಬೇಗಡೆ ಕಾಗದ, ತಂಪು ಪಾನೀಯದ ಡಬ್ಬಿಯ ಉಂಗುರ, ಜೊತೆಗೆ ನನ್ನ ಬೆರಳಿನ ಚಿನ್ನದ ಉಂಗುರ, ಇವನ್ನು ಬೇರೆ ಬೇರೆ ಆಳದಲ್ಲಿ ಹೂತು ಒಂದೊಂದರ ಸ್ವರವನ್ನೂ ಬಾಯಿಪಾಠ ಮಾಡಿದೆ. ತಟ್ಟೆಯನ್ನು ನೆಲಕ್ಕೆ ಸಮನಾಗಿ, ತಗ್ಗಿನಲ್ಲಿ ಆಡಿಸಬೇಕು. ಬೀಸಿನ ಕೊನೆಯಲ್ಲಿ ಮೇಲಕ್ಕೆತ್ತಬಾರದು. ಒಂದು ಬೀಸು ಹಿಂದಿನದರ ಅರ್ಧವನ್ನು ತುಳಿದುಕೊಂಡು ಹೋಗಬೇಕು.

ಬೇಗಡೆಯ ಸ್ವರಕ್ಕೂ ನನ್ನ ಉಂಗುರದ ಸ್ವರಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಕಸದ ಸದ್ದು ಬಾರದಂತೆ ಮಾಡುವ ಗುಂಡಿಯೊಂದು ಯಂತ್ರದಲ್ಲಿತ್ತು. ನಾನು ಅದನ್ನು ತಿರುಗಿಸಿದೆ, ಬೇಗಡೆಯ ಜೊತೆಗೆ ಉಂಗುರವೂ ಮೂಕವಾಯಿತು. "ಕಸ ಬೇಡ ಎಂದವರಿಗೆ ಚಿನ್ನವೂ ಸಿಗುವುದಿಲ್ಲ" ಎಂದು ನೆರೆಯಾಕೆ ನಕ್ಕರು. ಅಂದಿನಿಂದ ಸ್ವರ ಬಂದದ್ದನ್ನೆಲ್ಲ ಅಗೆದೆ. ಅಗೆಯುವುದೆಂದರೆ ಹುಲ್ಲಿನ ಹೆಂಟೆಯನ್ನು ಒಂದೇ ತುಂಡಾಗಿ ಎತ್ತಿ, ಕೆಲಸ ಮುಗಿದ ಮೇಲೆ ಗುರುತು ಸಿಗದ ಹಾಗೆ ಮುಚ್ಚುವುದು.

ಹೊಲದ ರೈತನಿಂದ ಕಾಗದದಲ್ಲಿ ಅನುಮತಿ ಬರೆಸಿಕೊಂಡು ಒಂದು ವಾರ ಹುಡುಕಿದೆ. ಮೊಳೆ, ಗುಂಡಿ, ತೋಟಾದ ತಳ, ಮತ್ತೆ ಮೊಳೆ. ಎಂಟನೆಯ ದಿನ ಬೇಲಿಯ ಹತ್ತಿರ ಒಂದು ಮೃದುವಾದ ಸ್ವರ ಬಂತು. ಗೇಣುದ್ದ ಅಗೆದರೆ ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಹಸಿರು ಬಿಲ್ಲೆ! ಅದರ ಮೇಲೆ ತಲೆಯೊಂದರ ನೆರಳು ಕಾಣುತ್ತಿತ್ತು. ನನ್ನ ಎದೆ ಹೊಡೆದುಕೊಂಡಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸರ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೆನೋ! ಅಂಥ ರೋಮನ್ ಕಾಸು ಈಗ ನನ್ನ ಅಂಗೈಯಲ್ಲಿತ್ತು.

ಓಡಿಬಂದವಳೇ ಅಡಿಗೆಮನೆಯಲ್ಲಿ ಹುಣಸೆಹಣ್ಣು ನೆನೆಹಾಕಿ, ಚಿಟಿಕೆ ಉಪ್ಪು ಸೇರಿಸಿ ತಿಕ್ಕಿದೆ. ಹಸಿರು ಹೋಯಿತು. ಅದರೊಂದಿಗೆ ಮುಖವೂ ಹೋಯಿತು. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಕಂಚಿನಲ್ಲಿ ಮೂಲ ಅಚ್ಚಿನ ಗೆರೆಗಳು ಉಳಿದಿರುವುದೇ ಆ ಹಸಿರು ಪದರದಲ್ಲಿ ಎಂಬುದು ನನಗೆ ಆಮೇಲೆ ತಿಳಿಯಿತು. ಕೈಯಲ್ಲಿ ಉಳಿದದ್ದು ತೂತುತೂತಾದ ಕೆಂಪು ತಗಡು.

ನೆರೆಯಾಕೆ ಅದನ್ನು ನೋಡಿ ಬಯ್ಯಲಿಲ್ಲ. ಚಹಾ ಮಾಡಿಕೊಟ್ಟು, ಅದೇ ಪ್ರಾಂತ್ಯದ ಹಾಕ್ಸ್‌ನ್ ಎಂಬ ಹಳ್ಳಿಯ ಕಥೆ ಹೇಳಿದರು. ೧೯೯೨ರ ನವೆಂಬರ್ ೧೬ರಂದು ಎರಿಕ್ ಲಾಸ್ ಎಂಬ ನಿವೃತ್ತರು, ಗೆಳೆಯನಾದ ರೈತ ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಲು ಡಿಟೆಕ್ಟರ್ ಹಿಡಿದು ಹೋಗಿದ್ದರು. ಸಿಕ್ಕಿದ್ದು ಚಿನ್ನ, ಬೆಳ್ಳಿ! ಒಂದಷ್ಟನ್ನು ತೆಗೆದ ಮೇಲೆ ಅವರು ಅಗೆಯುವುದನ್ನು ನಿಲ್ಲಿಸಿಬಿಟ್ಟರು. ಸುದ್ದಿ ಮುಟ್ಟಿಸಿದರು, ಉಳಿದದ್ದನ್ನು ಪುರಾತತ್ವದವರು ಇದ್ದ ಸ್ಥಿತಿಯಲ್ಲೇ ಬಿಡಿಸಿದರು. ಸುಮಾರು ೧೫,೦೦೦ ರೋಮನ್ ನಾಣ್ಯಗಳು, ಇನ್ನೂರರಷ್ಟು ಒಡವೆ ಮತ್ತು ಬೆಳ್ಳಿಯ ಸಾಮಾನು. ಐದನೆಯ ಶತಮಾನದ ಆರಂಭದಲ್ಲಿ ಯಾವುದೋ ಸಿರಿವಂತ ಮನೆಯವರು ಅವನ್ನೆಲ್ಲ ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಹೂತಿಟ್ಟಿದ್ದರು. ಒಂದು ಬಳೆಯ ಮೇಲೆ ಜೂಲಿಯಾನೆ ಎಂಬ ಮನೆಯೊಡತಿಯ ಹೆಸರು, ಸಂತೋಷದಿಂದ ತೊಟ್ಟುಕೋ ಎಂಬ ಹಾರೈಕೆ. ಜೊತೆಗೆ ಮೆಣಸು ಉದುರಿಸುವ ನಾಲ್ಕು ಬೆಳ್ಳಿಯ ಕರಡಿಗೆಗಳು. ಆ ಕಾಲದಲ್ಲಿ ಕರಿಮೆಣಸು ರೋಮನ್ ಅಡಿಗೆಮನೆಗೆ ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಲಾಸ್ ಆಸೆಯಿಂದ ಎಲ್ಲವನ್ನೂ ಕಿತ್ತು ತೆಗೆದಿದ್ದರೆ ಯಾವುದು ಯಾವುದರ ಪಕ್ಕದಲ್ಲಿತ್ತು, ಪೆಟ್ಟಿಗೆ ಹೇಗಿತ್ತು ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ೧೭.೫ ಲಕ್ಷ ಪೌಂಡಿನ ಬಹುಮಾನವನ್ನು ಅವರು ರೈತನೊಂದಿಗೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು. ಅದು ಕೂಡ ಈಗ ಬ್ರಿಟಿಷ್ ಮ್ಯೂಸಿಯಂ ಸೇರಿದೆ.

ಎಲ್ಲರೂ ಲಾಸ್ ಅವರಂತಿರಲಿಲ್ಲ. ೧೯೭೯ರ ಕಾನೂನು ರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಡಿಟೆಕ್ಟರ್ ಹಿಡಿಯುವುದನ್ನು ಅಪರಾಧವಾಗಿಸಿತು. ೧೯೮೦ರಲ್ಲಿ ಪುರಾತತ್ವದವರು ಈ ಹವ್ಯಾಸದ ವಿರುದ್ಧ ದೊಡ್ಡ ಪ್ರಚಾರವನ್ನೇ ನಡೆಸಿದರು. ಅದೇ ದಶಕದಲ್ಲಿ ಸರ್ರೆ ಪ್ರಾಂತ್ಯದ ವಾನ್‌ಬರೋದಲ್ಲಿ ರೋಮನ್ ದೇಗುಲದ ನೆಲೆಯೊಂದನ್ನು ಕಳ್ಳರು ರಾತ್ರೋರಾತ್ರಿ ತೋಡಿ ದೋಚಿದರು. ಕೊನೆಗೆ ೧೯೯೬ರ ನಿಧಿ ಕಾಯ್ದೆ ಬಂತು, ೧೯೯೭ರಿಂದ ಜಾರಿಯಾಯಿತು. ನಿಧಿ ಎನಿಸುವಂಥದ್ದು ಸಿಕ್ಕರೆ ೧೪ ದಿನಗಳೊಳಗೆ ತಿಳಿಸಬೇಕು. ನಿಧಿಯಲ್ಲದ ಸಣ್ಣಪುಟ್ಟ ವಸ್ತುಗಳನ್ನು ಜನ ತಾವಾಗಿ ತಂದು ದಾಖಲಿಸಲು ಅದೇ ವರ್ಷ ಒಂದು ಯೋಜನೆಯೂ ಶುರುವಾಯಿತು. ಹೀಗೆ ದಾಖಲಾದ ವಸ್ತುಗಳು ೧೫ ಲಕ್ಷ ದಾಟಿವೆ.

ಅಂಥ ಅಧಿಕಾರಿಯೊಬ್ಬರ ಮುಂದೆ ನನ್ನ ತಗಡನ್ನಿಟ್ಟೆ. ಗಾತ್ರ ನೋಡಿ, ನಾಲ್ಕನೆಯ ಶತಮಾನದ್ದಿರಬಹುದು ಎಂದರು. ಯಾವ ಚಕ್ರವರ್ತಿಯದು ಎಂದು ಇನ್ನು ಹೇಳುವಂತಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು: "ಎಲ್ಲಿ ಸಿಕ್ಕಿತು?" ನಕ್ಷೆಯ ಮೇಲೆ ನನ್ನ ಬೆರಳು ಬೇಲಿಯುದ್ದಕ್ಕೂ ಅಲೆದಾಡಿತು. ಗುರುತು ಮಾಡಿಕೊಂಡಿರಲಿಲ್ಲ. ಒಂದು ಕಾಸಿನಿಂದ ಏನೂ ತಿಳಿಯುವುದಿಲ್ಲ, ಆದರೆ ಇಪ್ಪತ್ತು ಜನರ ಇಪ್ಪತ್ತು ಕಾಸುಗಳನ್ನು ನಕ್ಷೆಯಲ್ಲಿ ಚುಕ್ಕಿಯಿಟ್ಟರೆ ಮರೆತುಹೋದ ಒಂದು ಸಂತೆಯೋ ದಾರಿಯೋ ಕಾಣಿಸುತ್ತದೆ ಎಂದರು. ನಾನು ಮುಖವನ್ನಷ್ಟೇ ಅಲ್ಲ, ಆ ಚುಕ್ಕಿಯನ್ನೂ ಅಳಿಸಿದ್ದೆ.

ಆಮೇಲೆ ಪ್ರತಿ ಗುಂಡಿಗೂ ಮೊಬೈಲಿನಲ್ಲಿ ಸ್ಥಳ ಗುರುತಿಸಿಕೊಂಡು, ಮಣ್ಣು ಮೆತ್ತಿದ್ದ ಹಾಗೆಯೇ ಚೀಟಿ ಬರೆದ ಪೊಟ್ಟಣಗಳಲ್ಲಿ ಇಡುತ್ತ ಬಂದೆ. ಸೆಪ್ಟೆಂಬರಿನಲ್ಲಿ ಸೀಸದ ದಪ್ಪ ಬಿಲ್ಲೆಯೊಂದು ಸಿಕ್ಕಿತು, ನಡುವೆ ತೂತು. ನನಗೆ ಯಾರೂ ಹೇಳಬೇಕಾಗಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ತಕಲಿ ಹಿಡಿದು ನೂಲು ತೆಗೆದ ಕೈಗಳಿವು. ಅದು ಕದಿರಿನ ಬಿಲ್ಲೆ. ಮಧ್ಯಯುಗದ್ದಿರಬಹುದು ಎಂದು ಅಧಿಕಾರಿ ಬರೆದುಕೊಂಡರು. ಯಾವಳೋ ಒಬ್ಬಳು ಕುರಿಯ ಉಣ್ಣೆ ನೂಲುತ್ತ ನಡೆದು ಹೋಗಿ ಅದನ್ನು ಕಳೆದುಕೊಂಡಿದ್ದಳು. ಅದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ. ಆದರೆ ಅದು ಬಿದ್ದ ಜಾಗ ಈಗ ಕಾಗದದಲ್ಲಿದೆ. ಬಿಲ್ಲೆಯನ್ನು ರೈತನ ಹೆಂಡತಿಗೆ ಕೊಟ್ಟೆ. ಆಕೆ ಅದನ್ನು ಅಡಿಗೆಮನೆಯ ಕಿಟಕಿಯಲ್ಲಿಟ್ಟಿದ್ದಾರೆ.

ಊರಿಗೆ ಹೊರಟಾಗ "ಡಿಟೆಕ್ಟರ್ ತೊಗೊಂಡು ಹೋಗಿ ಅತ್ತೆ" ಎಂದ ಅಳಿಯ. ಬೇಡವೆಂದೆ. ಅಲ್ಲಿ ಹವ್ಯಾಸವಾದದ್ದು ಇಲ್ಲಿ ಅಷ್ಟು ಸುಲಭವಲ್ಲ. ೧೮೭೮ರ ನಿಧಿ ಕಾನೂನು ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೂ ಕಲೆಕ್ಟರಿಗೆ ಬರೆದು ತಿಳಿಸಬೇಕೆಂದಿತು. ೧೯೫೮ರ ಕಾಯ್ದೆಯಂತೆ ರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಪ್ಪಣೆಯಿಲ್ಲದೆ ಅಗೆಯುವಂತಿಲ್ಲ. ಇದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ನಮ್ಮೆಜಮಾನರ ಊರಿನ ಪಾಳು ಗುಡಿ. ಕೊಪ್ಪರಿಗೆ ಹೊನ್ನಿದೆ, ಅದನ್ನು ಸರ್ಪ ಕಾಯುತ್ತಿದೆ ಎಂಬ ಅಜ್ಜಿಕಥೆಯನ್ನು ನಂಬಿದ ಯಾರೋ ಒಂದು ಅಮಾವಾಸ್ಯೆಯ ರಾತ್ರಿ ಅಲ್ಲಿಯ ಲಿಂಗವನ್ನು ಪೀಠದಿಂದ ಕಿತ್ತು ಗರ್ಭಗುಡಿಯನ್ನು ತೋಡಿದ್ದರು. ಹೊನ್ನು ಸಿಕ್ಕಿತೋ ಇಲ್ಲವೋ, ಪೀಠದ ಕೆಳಗೆ ಏನು ಹೇಗಿತ್ತು ಎಂಬುದನ್ನು ಇನ್ನು ಯಾವ ವಿದ್ವಾಂಸನೂ ಓದಲಾರ. ಅವರನ್ನು ಕಳ್ಳರೆಂದು ಬಯ್ದಿದ್ದೆ. ಅವರ ಹಾರೆಯೂ ನನ್ನ ಹುಣಸೆಹಣ್ಣೂ ಅಳಿಸಿದ್ದು ಒಂದನ್ನೇ ಎಂದು ಈಗ ಅನ್ನಿಸುತ್ತದೆ.

ನಿಮ್ಮ ಹಿತ್ತಲಲ್ಲಿ ಬಾಳೆಗೆ ಗುಂಡಿ ತೋಡುವಾಗ ಹಳೆಯ ಕಾಸೋ ಮಡಕೆಯ ಚೂರೋ ಸಿಕ್ಕರೆ ತೊಳೆಯಬೇಡಿ. ಎಲ್ಲಿ, ಎಷ್ಟು ಆಳದಲ್ಲಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ, ಆಮೇಲೆ ತಾಲ್ಲೂಕು ಕಚೇರಿಗೋ ಹತ್ತಿರದ ವಸ್ತುಸಂಗ್ರಹಾಲಯಕ್ಕೋ ತಿಳಿಸಿ. ಹುಣಸೆಹಣ್ಣು ಸಾರಿಗಿರಲಿ.