ಬಿಟ್ಟಿ ದುಡಿದವರು, ಬಿಟ್ಟಿ ಎನಿಸಿಕೊಂಡವರು

ಕಲ್ಯಾಣ, ಡೊಂಬಿವಲಿಗಳಲ್ಲಿ ರಿಕ್ಷಾದವರು ಒಂದು ದಿನ ಗಾಡಿ ನಿಲ್ಲಿಸಿದರೆ ಸಾಕು, ಮರಾಠಿ ಪತ್ರಿಕೆಗಳಿಗೆ ತಲೆಬರಹ ಸಿದ್ಧವಾಗಿರುತ್ತದೆ: ಪ್ರಯಾಣಿಕರನ್ನು ‘ವೇಠೀಸ್ ಧರಲೇ’. ಜನರನ್ನು ಸಿಕ್ಕಿಹಾಕಿಸಿ ಸತಾಯಿಸಿದರು ಎಂಬುದು ಅದರ ಈಗಿನ ಅರ್ಥ. ಬೆಳಗಿನ ಲೋಕಲ್‌ನಲ್ಲಿ ಅದನ್ನು ಓದುವ ಕನ್ನಡಿಗರಿಗೆ ಅದು ಅಪ್ಪಟ ಮರಾಠಿ ಮಾತು. ಆದರೆ ಆ ‘ವೇಠ’ ಕನ್ನಡದ ‘ಬಿಟ್ಟಿ’ಯ ಒಡಹುಟ್ಟು. ಎರಡರ ಮೂಲವೂ ಸಂಸ್ಕೃತದ ‘ವಿಷ್ಟಿ’. ದೊರೆಯ ಕೆಲಸಕ್ಕೆ ಹಿಡಿದು ತಂದ ಆಳುಗಳ ದುಡಿಮೆಯನ್ನು ಕೌಟಿಲ್ಯ ಅರ್ಥಶಾಸ್ತ್ರದಲ್ಲಿ ಕರೆಯುವುದು ಹೀಗೆಯೇ. ತೆಲುಗು, ತಮಿಳುಗಳಲ್ಲಿ ಅದೇ ‘ವೆಟ್ಟಿ’ ಆಯಿತು. ಹಳೆಯ ದತ್ತಿ ಶಾಸನಗಳಲ್ಲಿ ಊರಿನ ಮೇಲಿನ ತೆರಿಗೆಗಳ ಜೊತೆಗೇ ಬಿಟ್ಟಿಯೂ ಕಾಣಿಸುತ್ತದೆ. ಮರಾಠಿಯಲ್ಲಿ ವೇಠಿಗೆ ‘ಧರುವ’ ಹಾಗೆ ಕನ್ನಡದಲ್ಲೂ ಬಿಟ್ಟಿ ‘ಹಿಡಿಯು’ತ್ತಿದ್ದರು. ಸಾಹೇಬರ ಸವಾರಿ ಬಂತೆಂದರೆ ಗಂಟುಮೂಟೆ ಹೊರುವುದಕ್ಕೆ ಹೊಲದಲ್ಲಿದ್ದವನನ್ನು ಎಳೆದೊಯ್ಯುವುದು.

ಈಗ ಹಾಗಲ್ಲ. ಬಿಟ್ಟಿ ಊಟ, ಬಿಟ್ಟಿ ಸಲಹೆ, ಬಿಟ್ಟಿ ಪ್ರಚಾರ. 2023ರ ಜೂನ್ 11ರಿಂದ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ಟಿಕೆಟಿಗೆ ದುಡ್ಡು ಕೊಡದೆ ಓಡಾಡತೊಡಗಿದ ಮೇಲಂತೂ ‘ಬಿಟ್ಟಿ ಭಾಗ್ಯ’ ಮೂದಲಿಕೆಯ ಮಾತಾಗಿ ಊರೆಲ್ಲ ಹರಡಿತು. ಕೂಲಿಯಿಲ್ಲದೆ ದುಡಿದವನ ಸಂಕಟಕ್ಕೆ ಇದ್ದ ಹೆಸರು ಬೆಲೆ ಕೊಡದೆ ಪಡೆದವನ ಮೇಲಿನ ಬೈಗುಳವಾಯಿತು. ಮರಾಠಿ ಈ ವಿಷಯದಲ್ಲಿ ಎಚ್ಚರ ತಪ್ಪಲಿಲ್ಲ. ಅಲ್ಲಿ ಹಣ ಕೊಡದೆ ಸಿಕ್ಕಿದ್ದೆಲ್ಲ ‘ಫುಕಟ್’, ಠಾಣೆ ಸ್ಟೇಶನ್ನಿನಲ್ಲಿ ಟಿಕೆಟಿಲ್ಲದೆ ಸಿಕ್ಕಿಬಿದ್ದವರು ‘ಫುಕಟೇ ಪ್ರವಾಸಿ’. ಆ ಮಾತು ಕನ್ನಡದಲ್ಲೂ ‘ಪುಕ್ಕಟೆ’ ಆಗಿ ನೆಲೆ ನಿಂತಿದೆ. ಹಾಗಿರುವಾಗ ಬಿಟ್ಟಿಯನ್ನು ಈ ಕೆಲಸಕ್ಕೆ ಹಚ್ಚುವ ಅಗತ್ಯವಿರಲಿಲ್ಲ. ಹಳೆಯ ಅರ್ಥ ಈಗ ಉಳಿದಿರುವುದು ಹೆಚ್ಚಾಗಿ ಹೆಂಗಸರ ಬಾಯಲ್ಲಿ: ‘ಈ ಮನೇಲಿ ನಾನು ಮಾಡೋದೆಲ್ಲ ಬಿಟ್ಟಿ ಚಾಕರಿ!’

ಮರಾಠಿಯಲ್ಲಿ ವೇಠದ ಗಾಯ ಮಾಸದಿರಲು ಕಾರಣ ಬೇಕಿದ್ದರೆ ದೂರ ಹೋಗಬೇಕಿಲ್ಲ. ಕಲ್ಯಾಣ ದಾಟಿದರೆ ಟಿಟ್ವಾಳಾ. ಗಣಪತಿ ದರ್ಶನಕ್ಕೆಂದು ಮುಂಬಯಿ ಕನ್ನಡಿಗರೂ ಇಳಿಯುವ ಸ್ಟೇಶನ್ನು. 1945ರ ಜನವರಿಯಲ್ಲಿ ಅಲ್ಲಿ ಕಿಸಾನ್ ಸಭೆಯ ಸಮ್ಮೇಳನ ನಡೆಯಿತು. ಆಗಿನ ಠಾಣೆ ಜಿಲ್ಲೆಯ ಉತ್ತರದ ಕಾಡುಗಳಿಂದ ಒಂದು ಹಿಡಿ ವಾರಲಿ ಆದಿವಾಸಿಗಳೂ ಬಂದಿದ್ದರು. ಅವರು ಬಿಚ್ಚಿಟ್ಟ ಕಥೆಯ ಬೆನ್ನು ಹತ್ತಿ ಗೋದಾವರಿ ಪರುಳೇಕರ್ ಡಹಾಣು, ಉಂಬರ್‌ಗಾಂವ್‌ಗಳ ಹಾಡಿಗಳಿಗೆ ಹೋದರು. ಪುಣೆಯ ಅನುಕೂಲಸ್ಥರ ಮನೆಯ, ಕಾನೂನು ಓದಿದ ಹೆಂಗಸು. ಅಲ್ಲಿ ಅವರ ಕಿವಿಗೆ ಬಿದ್ದ ಶಬ್ದ ‘ಲಗ್ನಗಡಿ’. ಗಡಿ ಎಂದರೆ ಆಳು. ಮದುವೆಯ ಖರ್ಚಿಗೆ ವಾರಲಿ ಹುಡುಗ ಜಮೀನ್ದಾರನಿಂದ ಸಾಲ ಪಡೆಯುತ್ತಿದ್ದ. ಅಲ್ಲಿಂದ ಮುಂದೆ ಮದುಮಗ, ಮದುಮಗಳು ಇಬ್ಬರೂ ಧಣಿಯ ಆಳುಗಳು. ದುಡಿದದ್ದು ಬಡ್ಡಿಗೆ ಸರಿಹೋಗುತ್ತಿತ್ತು, ಅಸಲು ಮಕ್ಕಳ ಕೊರಳಿಗೆ ಬೀಳುತ್ತಿತ್ತು. ಹೊಸ ಸಂಸಾರದ ಮೊದಲ ಆಸ್ತಿಯೇ ಜೀತ.

ಅದೇ ವರ್ಷ ಮೇ 23ರಂದು ಝರಿ ಎಂಬ ಹಳ್ಳಿಯಲ್ಲಿ ಸಾವಿರಾರು ವಾರಲಿಗಳು ಸೇರಿ, ಇನ್ನು ವೇಠ ಮಾಡುವುದಿಲ್ಲ ಎಂದು ನಿರ್ಧರಿಸಿದರು. ಅಕ್ಟೋಬರಿನಲ್ಲಿ ತಲವಾಡಾದಲ್ಲಿ ಪೊಲೀಸರ ಗುಂಡಿಗೆ ಜೇಠ್ಯಾ ಗಾಂಗಡ್ ಮತ್ತಿತರರು ಬಲಿಯಾದರು. ಈ ಹೋರಾಟವನ್ನು ಕುರಿತು ಪರುಳೇಕರ್ ಬರೆದ ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ಗೆ 1972ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಓದುಗರಿಗೆ ಇದು ತೀರ ಹೊಸತಲ್ಲ. ಶಿವರಾಮ ಕಾರಂತರ ಕಾದಂಬರಿಯ ಚೋಮ 1933ರಲ್ಲೇ ಸಾಲ ತೀರಿಸಲು ಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸಿದ್ದ.

ಲಗ್ನಗಡಿಯ ಕಥೆ ಅಮೆರಿಕದಲ್ಲೂ ನಡೆದಿದೆ, ಸಾಲದ ನೆಪ ಮಾತ್ರ ಬೇರೆ. ಅಲ್ಲಿ 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೇ ತಿದ್ದುಪಡಿಯಿಂದ ಗುಲಾಮಗಿರಿ ಹೋಯಿತು, ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳಬಹುದು ಎಂಬ ಒಂದು ಕಿಂಡಿ ಉಳಿಯಿತು. ದಕ್ಷಿಣದ ರಾಜ್ಯಗಳು ಆ ಕಿಂಡಿಯಲ್ಲಿ ಆನೆಯನ್ನೇ ನುಗ್ಗಿಸಿದವು. ಅಲಬಾಮಾದ ಕರಿಯ ಕೂಲಿಕಾರ ಅಲೊಂಜೊ ಬೇಲಿ ತಿಂಗಳಿಗೆ 12 ಡಾಲರಿನಂತೆ ಒಂದು ವರ್ಷ ದುಡಿಯಲು ಒಪ್ಪಿ 15 ಡಾಲರ್ ಮುಂಗಡ ಪಡೆದಿದ್ದ. ತಿಂಗಳು ಕಳೆದ ಮೇಲೆ ಕೆಲಸ ಬಿಟ್ಟ. ಮುಂಗಡ ತೀರಿಸದೆ ಕೆಲಸ ಬಿಟ್ಟರೆ ಮೋಸವೇ ಎಂದು ಆ ರಾಜ್ಯದ ಕಾನೂನು ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಆ ಕಾನೂನನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 1911ರಲ್ಲಿ.

ಇಂಥ ಕಾನೂನು ಕರಿಯರ ಬೆನ್ನನ್ನೇ ಹುಡುಕಿಕೊಂಡು ಬಂದದ್ದು ಆಕಸ್ಮಿಕವಲ್ಲ. ವರ್ಜೀನಿಯಾ 1662ರಲ್ಲಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ಶಾಸನ ಮಾಡಿತು. ಅಪ್ಪ ಬಿಳಿಯ ಧಣಿಯೇ ಆಗಿದ್ದರೂ ಅಷ್ಟೆ. 1667ರಲ್ಲಿ, ಕ್ರೈಸ್ತ ದೀಕ್ಷೆ ಪಡೆದರೂ ಬಿಡುಗಡೆಯಿಲ್ಲ ಎಂದಿತು. ಅನ್ಯಧರ್ಮೀಯರು ಎಂಬ ಸಬೂಬು ಅಲ್ಲಿಗೆ ಮುಗಿಯಿತು, ಉಳಿದದ್ದು ಚರ್ಮ. ಹುಟ್ಟಿನಿಂದಲೇ ಆಳುಗಳು ಎನ್ನುವುದನ್ನು ಕಾನೂನು ಮೊದಲು ಬರೆದಿಟ್ಟಿತು, ಅದಕ್ಕೆ ಬೇಕಾದ ತಿರಸ್ಕಾರ ಆಮೇಲೆ ತಾನಾಗಿ ಬೆಳೆಯಿತು. ಈ ಹುಟ್ಟಿನ ಲೆಕ್ಕ ಜೋತಿಬಾ ಫುಲೆಯವರಿಗೆ ಬೇಗ ಅರ್ಥವಾಗಿತ್ತು. 1873ರ ‘ಗುಲಾಮಗಿರಿ’ಯನ್ನು ಅವರು ಅರ್ಪಿಸಿದ್ದು ಕರಿಯರನ್ನು ಬಿಡಿಸಲು ಹೋರಾಡಿದ ಅಮೆರಿಕದ ಸಜ್ಜನರಿಗೆ.

ಬಿಟ್ಟಿಯ ಹಾಗೆ ಶಬ್ದ ಮಗುಚಿಕೊಂಡದ್ದೂ ಅಮೆರಿಕದಲ್ಲಿ ನಡೆದಿದೆ. ಇನ್ನೂರು ವರ್ಷಕ್ಕೂ ಮಿಕ್ಕಿ ಕೂಲಿಯಿಲ್ಲದೆ ಹತ್ತಿ, ತಂಬಾಕು ಬೆಳೆದವರನ್ನು ಬಿಡುಗಡೆಯ ಬೆನ್ನಲ್ಲೇ ‘ಕೆಲಸವಿಲ್ಲದೆ ಅಲೆಯುವವರು’ ಎಂದು ಮಿಸಿಸಿಪ್ಪಿಯ ಕಾನೂನು ಹಿಡಿದು ದಂಡ ಹಾಕಿತು. 1976ರ ಚುನಾವಣಾ ಪ್ರಚಾರದಲ್ಲಿ ರೊನಾಲ್ಡ್ ರೇಗನ್, ಸುಳ್ಳು ಹೆಸರುಗಳಲ್ಲಿ ಸರ್ಕಾರದ ಸಹಾಯಧನ ನುಂಗುವ ಶಿಕಾಗೋದ ಹೆಂಗಸೊಬ್ಬಳ ಕಥೆಯನ್ನು ಊರೂರಲ್ಲಿ ಹೇಳಿದರು. ಬಣ್ಣದ ಮಾತೆತ್ತಲಿಲ್ಲ. ಕೇಳಿದವರು ಬಣ್ಣ ತುಂಬಿಕೊಂಡರು.

ಭಾರತದ ಸಂವಿಧಾನದ 23ನೇ ವಿಧಿ ಬಿಟ್ಟಿಯ ಪಾರಸಿ ನೆಂಟ ‘ಬೇಗಾರ್’ ಅನ್ನು ಹೆಸರು ಹಿಡಿದೇ ನಿಷೇಧಿಸುತ್ತದೆ. ಇಂಗ್ಲಿಷ್ ಪಠ್ಯದಲ್ಲೂ ಆ ಶಬ್ದ ಹಾಗೇ ಇದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದಾದ ಮೇಲೂ ವಸಯಿ ತಾಲೂಕಿನಲ್ಲಿ ವೇಠಬಿಗಾರರು ಇದ್ದರು. ಅವರನ್ನು ಬಿಡಿಸಲು ಶ್ರಮಜೀವಿ ಸಂಘಟನೆ ಕಟ್ಟಿದ ವಿವೇಕ್ ಮತ್ತು ವಿದ್ಯುಲ್ಲತಾ ಪಂಡಿತ್ ದಂಪತಿಗೆ 1999ರಲ್ಲಿ ಗುಲಾಮಗಿರಿ ವಿರೋಧಿ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಭಿವಂಡಿ, ಕಲ್ಯಾಣದ ಸುತ್ತಿನ ಇಟ್ಟಿಗೆ ಭಟ್ಟಿಗಳಿಗೆ ಈಗಲೂ ಮಳೆಗಾಲ ಮುಗಿದ ಮೇಲೆ ಕಾತಕರಿ ಆದಿವಾಸಿ ಕುಟುಂಬಗಳು ಮುಂಗಡ ಪಡೆದು ಬರುತ್ತವೆ. ಆ ಮುಂಗಡಕ್ಕೆ ‘ಬಯಾಣಾ’ ಎನ್ನುತ್ತಾರೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ 23ನೇ ವಿಧಿ ನಿಷೇಧಿಸಿದ ದುಡಿಮೆಯೇ ಎಂದು, ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಆ ಅಳತೆ ಹಿಡಿದು ಹೊರಟರೆ ನವಿ ಮುಂಬಯಿಯ ಎಷ್ಟೋ ಹೌಸಿಂಗ್ ಸೊಸೈಟಿಗಳು ವಾಚ್‌ಮನ್‌ನ ಪಗಾರದ ಚೀಟಿ ತೋರಿಸಲು ಹಿಂದೆಮುಂದೆ ನೋಡಬೇಕಾದೀತು.

ಯಾರನ್ನಾದರೂ ಜೀತಕ್ಕೆ ಇಟ್ಟುಕೊಂಡವರಿಗೆ 1976ರ ಕಾಯ್ದೆ ಬರೆದಿರುವ ಶಿಕ್ಷೆ ಮೂರು ವರ್ಷದವರೆಗೆ ಸೆರೆ, ಜೊತೆಗೆ ಹೆಚ್ಚೆಂದರೆ 2,000 ರೂಪಾಯಿ ದಂಡ. ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ ಸಲ್ಲುವ ಹಣವೂ 2,000 ರೂಪಾಯಿಯೇ. ಟಿವಿ ಚರ್ಚೆಗಳಲ್ಲಿ ಬಿಟ್ಟಿ ಎನಿಸಿಕೊಳ್ಳುವುದು ಈ ಎರಡನೆಯದು.