ಕುದಿಯುವ ಮರಳಿನ ಕಥೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನು ನೋಡಿದ್ದೀರಾ? ಕಾದ ಮರಳಿಗೆ ಬಿದ್ದ ಅಕ್ಕಿ ಕ್ಷಣದಲ್ಲೇ ಅರಳುತ್ತದೆ. ಮರಳು ಕಾಳನ್ನು ಎಲ್ಲ ಕಡೆಯಿಂದಲೂ ಮುತ್ತಿ ಶಾಖ ಕೊಡುತ್ತದೆ. ಆದರೆ ಅದನ್ನು ಕಲಕುತ್ತಲೇ ಇರಬೇಕು.

ಈ ಕಲಕುವ ಕೆಲಸವನ್ನು ಅನಿಲಕ್ಕೇ ಒಪ್ಪಿಸಬಹುದೆಂದು ತೋರಿಸಿದವರು ಜರ್ಮನಿಯ ಫ್ರಿಟ್ಜ್ ವಿಂಕ್ಲರ್. 1921ರಲ್ಲಿ ಅವರು ಕೆಳಗಿನಿಂದ ಅನಿಲ ಹಾಯಿಸಿದಾಗ, ಕೋಕ್ ಕಣಗಳು ಕುದಿಯುವ ನೀರಿನಂತೆ ಹೊರಳಾಡಿದವು. 1926ರಲ್ಲಿ ಲೊಯ್ನಾದ ಕಾರ್ಖಾನೆಯಲ್ಲಿ ಇದೇ ಕ್ರಮದಿಂದ ಕಂದು ಕಲ್ಲಿದ್ದಲು ಅನಿಲವಾಗತೊಡಗಿತು.

ಎರಡನೆಯ ಮಹಾಯುದ್ಧ ಬಂತು. ವಿಮಾನಗಳಿಗೆ ಉತ್ತಮ ಪೆಟ್ರೋಲು ಬೇಕಾಯಿತು. ಭಾರವಾದ ತೈಲವನ್ನು ಒಡೆಯುವ ವೇಗವರ್ಧಕದ ಮೇಲೆ ಇಂಗಾಲ ಕಟ್ಟಿಕೊಂಡು ಕೆಲಸ ನಿಲ್ಲುತ್ತಿತ್ತು. ಎಂ.ಐ.ಟಿ.ಯ ಲೂಯಿಸ್ ಮತ್ತು ಗಿಲಿಲ್ಯಾಂಡ್, ಅದನ್ನು ಪುಡಿಯಾಗಿಸಿ ದ್ರವದಂತೆ ಹರಿಸುವ ದಾರಿ ತೋರಿದರು. 1942ರಲ್ಲಿ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಅಂಥ ಮೊದಲ ಸ್ಥಾವರ ಆರಂಭವಾಯಿತು. ಒಂದು ಪಾತ್ರೆಯಲ್ಲಿ ಇಂಗಾಲ ಸುಟ್ಟು ಹುಟ್ಟಿದ ಶಾಖವನ್ನು ಪುಡಿಯೇ ಹೊತ್ತು ತಂದು, ಇನ್ನೊಂದರಲ್ಲಿದ್ದ ತೈಲಕ್ಕೆ ಕೊಟ್ಟಿತು.

ಗುಟ್ಟು ಕಣಗಳಲ್ಲಿದೆ. ಅನಿಲ ಶಾಖವನ್ನು ಹೊರುವುದು ಕಡಿಮೆ. ಕಣಗಳ ಗುಂಪು ಬಿಸಿ ಗೋಡೆಯನ್ನು ಮುಟ್ಟಿ, ಶಾಖ ಪಡೆದು ಒಳಗೆ ಸರಿಯುತ್ತದೆ. ಆ ಜಾಗಕ್ಕೆ ಹೊಸ ಗುಂಪು ಬರುತ್ತದೆ. ಇದನ್ನು ಮಿಕ್ಲಿ ಮತ್ತು ಫೇರ್‌ಬ್ಯಾಂಕ್ಸ್ ಗಣಿತದಲ್ಲಿ ವಿವರಿಸಿದ್ದು 1955ರಲ್ಲಿ. ಸ್ಥಾವರ ಮೊದಲು ನಡೆಯಿತು, ಸೂತ್ರ ಆಮೇಲೆ ಬಂತು. ಭಟ್ಟಿಯಲ್ಲಿ ಆದದ್ದೂ ಹೀಗೆಯೇ ಅಲ್ಲವೇ, ವೀಕ್ಷಕರೇ?