ದೂರಸಭೆಗೆ ಸ್ವಂತ ಮನೆ: ಅತ್ತಾವರದ ಒಂದು ಅನುಭವ

ಇತಿಹಾಸದ ಅಧ್ಯಾಪಕರಾದ ನಾವು ಸರ್ವರ್, ಲಿನಕ್ಸ್ ಮೊದಲಾದುವನ್ನು ಕುರಿತು ಬರೆಯಹೊರಟುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ಅಚ್ಚರಿಯಾಗಬಹುದು. ಆದರೆ ಆಧಾರಗಳು ಎಲ್ಲಿ ಹುಟ್ಟುತ್ತವೆ, ಯಾರ ವಶದಲ್ಲಿರುತ್ತವೆ, ಹೇಗೆ ನಾಶವಾಗುತ್ತವೆ ಎಂಬುದು ನಮ್ಮ ಶಾಸ್ತ್ರದ ಮೊದಲನೆಯ ಪ್ರಶ್ನೆ. ತಾಳೆಗರಿಗೂ ತಾಮ್ರಶಾಸನಕ್ಕೂ ಕೇಳುವ ಆ ಪ್ರಶ್ನೆಯನ್ನು ವಿಡಿಯೋ ಸಭೆಯ ಮುದ್ರಣಕ್ಕೂ ಕೇಳಬೇಕಾದ ಪ್ರಸಂಗ ನಮಗೆ ಒದಗಿತು.

ಮಂಗಳೂರು ಹೆಂಚಿನ ಕೈಗಾರಿಕೆಯು 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರಿಂದ ಆರಂಭವಾಯಿತೆಂಬುದು ಸರ್ವವಿದಿತ. ಆ ಕಾರ್ಖಾನೆಗಳಲ್ಲಿ ದುಡಿದ ವೃದ್ಧರ ನೆನಪುಗಳನ್ನು ಸಂಗ್ರಹಿಸುವ ಕಾರ್ಯವನ್ನು ಅತ್ತಾವರದ ಒಂದು ಬಾಡಿಗೆಯ ಮಾಳಿಗೆಯಲ್ಲಿ ನಮ್ಮ ವಿದ್ಯಾರ್ಥಿಗಳು ಕೈಕೊಂಡಿದ್ದರು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡ ಮೇಲೆ ಮನೆಮನೆಗೆ ಹೋಗುವುದು ನಿಂತಿತು. ಆಗ ಮೊಮ್ಮಕ್ಕಳು ಮೊಬೈಲನ್ನು ಹಿಡಿದುಕೊಳ್ಳುವರು; ಅಜ್ಜಂದಿರು ತುಳುವಿನಲ್ಲೋ ಕೊಂಕಣಿಯಲ್ಲೋ ಮಾತನಾಡುವರು; ನಾವು ನಮ್ಮ ನಮ್ಮ ಮನೆಗಳಲ್ಲಿ ಕುಳಿತು ಕೇಳುವೆವು. ಹೀಗೆ ಹನ್ನೊಂದು ಸಾಕ್ಷ್ಯಗಳು ದೊರೆತುವು. ಅವೆಲ್ಲವೂ ಸಭೆ ನಡೆಯಿಸಿಕೊಡುತ್ತಿದ್ದ ಒಂದು ಸಂಸ್ಥೆಯ ಉಗ್ರಾಣದಲ್ಲಿಯೇ ಉಳಿದುವು. ಆ ಸಂಸ್ಥೆ ತನ್ನ ನಿಯಮಗಳನ್ನು ಬದಲಿಸಿತು. ಎಚ್ಚರಿಕೆಯ ಪತ್ರವು ಅಷ್ಟರಲ್ಲಿ ಕೆಲಸ ಬಿಟ್ಟುಹೋಗಿದ್ದ ಅಧ್ಯಾಪಕರೊಬ್ಬರ ವಿಳಾಸಕ್ಕೆ ಹೋಯಿತು. ನಾವು ತಿಳಿಯುವ ವೇಳೆಗೆ ನಾಲ್ಕು ಮಾತ್ರ ಉಳಿದಿದ್ದುವು. ತಪ್ಪು ಕೇವಲ ಅವರದೆಂದು ಹೇಳಲಾರೆವು. ಪ್ರತಿ ತೆಗೆದಿಡದವರು ನಾವೇ.

ಸಾಧನವು ಪರರ ಕೈಯಲ್ಲಿದ್ದಾಗ ಬರುವ ತೊಡಕು ಈ ಊರಿಗೆ ಹೊಸತಲ್ಲ. ಹೆರ್ಮನ್ ಮೊಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಮರುವರ್ಷವೇ ಅಚ್ಚುಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಪತ್ರಿಕೆಯನ್ನು ಸಾಗಿಸಬೇಕಾಯಿತು. ಅದರೊಡನೆ ಹೆಸರಿನಲ್ಲಿದ್ದ ಮಂಗಳೂರೂ ಹೋಗಿ ‘ಕನ್ನಡ ಸಮಾಚಾರ’ವೆಂದಾಯಿತು. ಸ್ವಂತ ಮುದ್ರಣಾಲಯವಿದ್ದರೂ ಸ್ವಂತ ಮೊಳೆಗಳಿಲ್ಲದವರ ಸ್ಥಿತಿ ಅದು. ನಮ್ಮ ಕಾಲದಲ್ಲಿ ದೂರಪಾಠದ ಮೊದಲ ದೊಡ್ಡ ಯತ್ನವೂ ಆಕಾಶವನ್ನು ನೆಚ್ಚಿಕೊಂಡಿತ್ತು: 2004ರ ಸೆಪ್ಟೆಂಬರ್ 20ರಂದು ಹಾರಿದ ಎಡುಸ್ಯಾಟ್ ಉಪಗ್ರಹದ ಪ್ರಾಯೋಗಿಕ ಹಂತದಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಸೇರಿತ್ತು. 2010ರಲ್ಲಿ ಉಪಗ್ರಹದ ಆಯುಸ್ಸು ಮುಗಿಯಿತು.

ನಾವೇ ಸರ್ವರನ್ನು ನಿಲ್ಲಿಸಬೇಕೆಂದು 2022ರಲ್ಲಿ ನಿಶ್ಚಯಿಸಿದಾಗ ನಮ್ಮ ಮುಂದೆ ಎರಡು ತಂತ್ರಾಂಶಗಳಿದ್ದುವು. ಎರಡೂ ವಿಶ್ವವಿದ್ಯಾನಿಲಯಗಳಲ್ಲಿ ಹುಟ್ಟಿದುವೆಂಬುದು ಗಮನಾರ್ಹ. ಜಿಟ್ಸಿಯು 2003ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಎಮಿಲ್ ಇವೊವ್ ಎಂಬ ವಿದ್ಯಾರ್ಥಿಯ ಪ್ರಯತ್ನವಾಗಿ ಮೊದಲಾದುದು. ಬಿಗ್‌ಬ್ಲೂಬಟನ್ ಎಂಬುದು 2007ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದಲ್ಲಿ, ತರಗತಿಯ ಉಪಯೋಗಕ್ಕಾಗಿಯೇ ರೂಪುಗೊಂಡುದು. ಸಭೆ ಆರಂಭಿಸುವುದು ಒಂದು ದೊಡ್ಡ ನೀಲಿ ಗುಂಡಿಯನ್ನು ಒತ್ತಿದಷ್ಟು ಸುಲಭವಾಗಿರಬೇಕೆಂಬ ಆಸೆ ಅದರ ಹೆಸರಿನಲ್ಲಿದೆ. (ನಿಲ್ಲಿಸುವವರ ಪಾಡನ್ನು ಹೆಸರು ಹೇಳುವುದಿಲ್ಲ.) ಎರಡರ ಮೂಲವೂ ಮುಕ್ತ, ಯಾರೂ ಓದಬಹುದು, ತಿದ್ದಬಹುದು. ಜಿಟ್ಸಿ ಹಗುರವಾದುದು, ಆದರೆ ಮುದ್ರಣಕ್ಕೆ ಜಿಬ್ರಿ ಎಂಬ ಇನ್ನೊಂದು ಅಂಗವನ್ನು ಪ್ರತ್ಯೇಕವಾಗಿ ಸ್ಥಾಪಿಸಬೇಕು, ಮತ್ತು ಒಂದು ಜಿಬ್ರಿ ಒಂದು ವೇಳೆಗೆ ಒಂದು ಸಭೆಯನ್ನಷ್ಟೇ ಮುದ್ರಿಸಬಲ್ಲುದು. ನಮಗೆ ಮುದ್ರಣವೇ ಮುಖ್ಯವಾದುದರಿಂದ ಎರಡನೆಯದನ್ನು ಆರಿಸಿದೆವು.

ಅದರ ಕೈಪಿಡಿ ಕೇಳುವುದು ಅಲ್ಪವಲ್ಲ: 16 ಜಿಬಿ ಮೆಮೊರಿ, 8 ಕೋರ್‌ಗಳ ಪ್ರೊಸೆಸರ್, ಮುದ್ರಣ ಬೇಕಾದರೆ 500 ಜಿಬಿ ಖಾಲಿ ಡಿಸ್ಕ್, ಬರಲೂ ಹೋಗಲೂ ಸಮವಾಗಿ 250 ಮೆಗಾಬಿಟ್ ವೇಗದ ಸಂಪರ್ಕ. ವಿಭಾಗದ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನೇ ಬಳಸೋಣವೆಂಬ ನಮ್ಮ ಮಿತವ್ಯಯ ಅಲ್ಲಿಗೆ ಮುಗಿಯಿತು. ನಾವು ಹಾಕಿದ 2.5ನೆಯ ಆವೃತ್ತಿಗೆ ಉಬುಂಟು 20.04 ಬೇಕು, ಅದಕ್ಕಿಂತ ಹೊಸದಾದ ಉಬುಂಟುವೂ ಸಲ್ಲದು. ವೇಗದ ವಿಷಯದಲ್ಲಿ ವಾಚಕರು ಒಂದು ಲೆಕ್ಕವನ್ನು ಮಾಡಿನೋಡಬಹುದು. ಇಪ್ಪತ್ತು ಮಂದಿ ಕ್ಯಾಮರಾ ತೆರೆದರೆ ಸರ್ವರಿಗೆ ಬರುವ ಚಿತ್ರಪ್ರವಾಹಗಳು 20. ಆದರೆ ಪ್ರತಿಯೊಬ್ಬನಿಗೂ ಉಳಿದ 19 ಮಂದಿಯನ್ನು ತೋರಿಸಬೇಕಾದುದರಿಂದ ಹೊರಹೋಗುವುವು 380. ಐವರಾದರೆ 20 ಮಾತ್ರ. ಈ ಲೆಕ್ಕ ತಿಳಿದಂದಿನಿಂದ, ಮಾತನಾಡುವವರ ಹೊರತು ಉಳಿದವರು ಕ್ಯಾಮರಾ ಮುಚ್ಚಬೇಕೆಂದು ನಿಯಮ ಮಾಡಿದೆವು. ಆಮೇಲೆ ವೇಗದ ಕೊರತೆ ಅಷ್ಟಾಗಿ ಬಾಧಿಸಲಿಲ್ಲ.

ಎರಡನೆಯ ತೊಡಕು ವಿಳಾಸದ್ದು. ಮಾಳಿಗೆಯ ಇಂಟರ್ನೆಟ್ ಸಂಪರ್ಕಕ್ಕೆ ತನ್ನದೆಂಬ ಹೊರವಿಳಾಸವೇ ಇರಲಿಲ್ಲ. ಅನೇಕ ಗ್ರಾಹಕರು ಒಂದೇ ವಿಳಾಸವನ್ನು ಹಂಚಿಕೊಳ್ಳುವ ಏರ್ಪಾಡು. ಹೊರಗೆ ಹೋಗುವುದಕ್ಕೆ ಅದು ಸಾಕು, ಒಳಗೆ ಬರುವವರಿಗೆ ದಾರಿಯಿಲ್ಲ. ಪ್ರತ್ಯೇಕ ಹಣ ತೆತ್ತು ಸ್ಥಿರವಾದ ಐಪಿ ವಿಳಾಸವನ್ನು ಪಡೆದೆವು. ಒಂದು ಡೊಮೇನ್ ಹೆಸರನ್ನು ಕೊಂಡು ಆ ವಿಳಾಸಕ್ಕೆ ಜೋಡಿಸಿದೆವು. ಸುರಕ್ಷಿತವಲ್ಲದ ತಾಣಕ್ಕೆ ಬ್ರೌಸರುಗಳು ಮೈಕನ್ನು ಕೊಡುವುದಿಲ್ಲವಾದುದರಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರವನ್ನೂ ಹಾಕಿಸಿದೆವು. ಅದರ ಅವಧಿ 90 ದಿನ. ತಾನಾಗಿ ನವೀಕರಣವಾಗುವ ಏರ್ಪಾಡು ಕೆಡದಂತೆ ನೋಡಿಕೊಳ್ಳತಕ್ಕದ್ದು.

ಇಷ್ಟಾದ ಮೇಲೆ ಸಭಾಗೃಹ ತೆರೆಯಿತು, ಹೆಸರುಗಳು ಕಂಡುವು, ಧ್ವನಿ ಮಾತ್ರ ಇಲ್ಲ. ಪರದೆಯ ಮೇಲೆ 1007 ಎಂಬ ದೋಷಸಂಖ್ಯೆ. ಎರಡು ವಾರ ಇದು ನಮ್ಮನ್ನು ಕಾಡಿತು. ಪುಟಗಳು 443ನೆಯ ಪೋರ್ಟಿನಿಂದ ಬರುತ್ತವೆ. ಧ್ವನಿ ಮತ್ತು ಚಿತ್ರಗಳಾದರೋ 16384ರಿಂದ 32768ರವರೆಗಿನ ಯುಡಿಪಿ ಪೋರ್ಟುಗಳಲ್ಲಿ ಸಂಚರಿಸುತ್ತವೆ. ರೌಟರಿನಲ್ಲಿ ನಾವು ಮೊದಲನೆಯದನ್ನು ಮಾತ್ರ ತೆರೆದಿದ್ದೆವು. ಎರಡನೆಯದನ್ನು ತೆರೆದರೂ ಕೆಲಸ ಪೂರೈಸಲಿಲ್ಲ. ಸರ್ವರು ರೌಟರಿನ ಹಿಂದಿದ್ದುದರಿಂದ, ಧ್ವನಿಯನ್ನು ನೋಡಿಕೊಳ್ಳುವ ಫ್ರೀಸ್ವಿಚ್ ಎಂಬ ಅಂಗವು ಬಂದವರಿಗೆಲ್ಲ ತನ್ನ ಒಳವಿಳಾಸವನ್ನೇ ಹೇಳುತ್ತಿತ್ತು. ಮನೆಗೆ ಕರೆದು ಅಡುಗೆಮನೆಯ ಗುರುತನ್ನು ಹೇಳಿದಂತೆ! ಹೊರವಿಳಾಸವನ್ನು ಅದಕ್ಕೆ ಬರೆದುಕೊಟ್ಟ ಮೇಲೆ ಜೆಪ್ಪುವಿನಿಂದ ಮೊದಲ ಮಾತು ಸ್ಪಷ್ಟವಾಗಿ ಕೇಳಿಬಂತು. ಯುಡಿಪಿಯನ್ನೇ ತಡೆಯುವ ಕಾಲೇಜುಗಳಿಂದ ಸೇರುವವರಿಗಾಗಿ ಟರ್ನ್ ಎಂಬ ಮಧ್ಯಸ್ಥ ಸರ್ವರನ್ನು ಬೇರೊಂದು ಸಣ್ಣ ಯಂತ್ರದಲ್ಲಿ ನಿಲ್ಲಿಸಿದೆವು. ಅದು ಎಲ್ಲವನ್ನೂ 443ರ ಮೂಲಕವೇ ಸಾಗಿಸುತ್ತದೆ. ಆಟಿಯ ಮಳೆ, ಸಿಡಿಲು, ವಿದ್ಯುತ್ತಿನ ಆಟಗಳಿಗಾಗಿ ಒಂದು ಯುಪಿಎಸ್ ಸಹ ಬೇಕಾಯಿತೆಂದು ಇಲ್ಲಿನವರಿಗೆ ಹೇಳಬೇಕಾದುದಿಲ್ಲ.

ಸ್ವಂತ ಮನೆಯಲ್ಲಿಯೂ ವಸ್ತು ಕಳೆಯಬಹುದು ಎಂಬುದು ನಮಗೆ ಬಳಿಕ ಮನದಟ್ಟಾಯಿತು. ಸಭೆಯಲ್ಲಿ ಯಾರೂ ಮುದ್ರಣದ ಗುಂಡಿಯನ್ನು ಒತ್ತದಿದ್ದರೆ, ತಂತ್ರಾಂಶವು ತನ್ನ ಸಹಜ ವ್ಯವಸ್ಥೆಯಂತೆ ಆ ಸಭೆಯ ಮೂಲಸಾಮಗ್ರಿಯನ್ನು 14 ದಿನಗಳಲ್ಲಿ ಅಳಿಸುತ್ತದೆ. ಡಿಸ್ಕ್ ತುಂಬದಿರಲೆಂದು ಮಾಡಿದ ಈ ಏರ್ಪಾಡು ತರಗತಿಗೆ ಒಳ್ಳೆಯದು, ದಾಖಲೆಗೆ ಒಳ್ಳೆಯದಲ್ಲ. ಆ ಸಂಖ್ಯೆಯನ್ನು ನಾವು ಹೆಚ್ಚಿಸಿದೆವು. ಪ್ರತಿ ಶನಿವಾರ ಎರಡು ಬೇರೆ ಡಿಸ್ಕುಗಳಿಗೆ ಪ್ರತಿ ಮಾಡುವ ಹೊಣೆಯನ್ನು ಒಬ್ಬ ವಿದ್ಯಾರ್ಥಿಯ ಹೆಸರಿಗಲ್ಲದೆ ವಿಭಾಗದ ಹೆಸರಿಗೆ ಬರೆದಿಟ್ಟೆವು.

ಬಾಗಿಲ ಕಾವಲೂ ಇನ್ನೊಂದು ಮಾತು. 2023ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಡಿಯೋ ಕಲಾಪದೊಳಗೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯಗಳನ್ನು ತೋರಿಸಿದಾಗ, ನ್ಯಾಯಾಲಯವು 5ರಂದು ಆ ಸೌಕರ್ಯವನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಸರ್ವರು ನಮ್ಮದೆಂಬ ಮಾತ್ರಕ್ಕೆ ಇಂಥ ವಿಪತ್ತು ತಪ್ಪುವುದೆಂದು ಕೆಲವರು ವಾದಿಸುವುದುಂಟು, ನಾವು ಒಪ್ಪುವುದಿಲ್ಲ. ಬಂದವರನ್ನು ಹೊರಚಾವಡಿಯಲ್ಲಿ ಕುಳ್ಳಿರಿಸಿ, ಗುರುತು ಹಿಡಿದು ಒಳಗೆ ಬಿಡುವ ಸೌಕರ್ಯ ಈ ತಂತ್ರಾಂಶದಲ್ಲಿದೆ. ಆದರೆ ಗುರುತು ಹಿಡಿಯುವ ಒಬ್ಬ ಮನುಷ್ಯನು ಅಲ್ಲಿ ಕುಳಿತಿರಲೇಬೇಕು.

ಉಬುಂಟು 20.04ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರಲ್ಲಿ ಮುಗಿದುದರಿಂದ ಎಲ್ಲವನ್ನೂ 22.04ರ ಮೇಲೆ 3.0 ಆವೃತ್ತಿಯೊಡನೆ ಹೊಸದಾಗಿ ಕಟ್ಟಬೇಕಾಗಿದೆ. ಕಳೆದುಹೋದ ಏಳು ಸಾಕ್ಷ್ಯಗಳಲ್ಲಿ ಐದನ್ನು ನಮ್ಮ ಸರ್ವರಿನಲ್ಲಿ ಮತ್ತೆ ಮುದ್ರಿಸಿಕೊಂಡೆವು. ಹೇಳಿದವರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರಲ್ಲೊಬ್ಬರು, ಹೆಂಚು ಸುಡುವ ಭಟ್ಟಿಯ ಬೆಂಕಿಯ ಬಣ್ಣವನ್ನು ನೋಡಿ ಹದವನ್ನು ತಿಳಿಯುವ ಕ್ರಮವನ್ನು ಮುಕ್ಕಾಲು ಗಂಟೆ ವಿವರಿಸಿದ್ದರು. ವಿದ್ಯಾರ್ಥಿನಿಯೊಬ್ಬಳ ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ಸಂಬಂಧಿಸಿದ ಎರಡು ಸಾಲುಗಳಿವೆ.